ಹಿರೇ ಮುಸ್ಯಾನ ಗಡಿಪಾರು

ಶಾಂತಲಿಂಗಪ್ಪಗೌಡರ ಕಟ್ಟೆಯ ಮೇಲೆ ಪಂಚಶೀಲಾಗೆ ಖುರ್ಚಿ ಹಾಕಿದ್ದೇ ಒಂದು ಸುದ್ದಿಯಾಯಿತು. ಕೆಂಪು ಪ್ಲಾಸ್ಟಿಕ್ ಖುರ್ಚಿ, ಒಂದು ಕಾಲು ಸೀಳಿ ತಂತಿ ಸುತ್ತಿದ್ದು. ಆದರೂ ಖುರ್ಚಿ ಖುರ್ಚಿಯೇ. ಜಂಬೆಹಾಳದ ಕೆಳಗಿನ ಓಣಿಯವರು ಆ ಕಟ್ಟೆಯ ಮುಂದೆ ನಿಂತು ಮಾತಾಡಿದ್ದುಂಟು, ಮೆಟ್ಟಿಲ ಕೆಳಗಿನ ಹಾಸುಗಲ್ಲಿನ ಮೇಲೆ ಕುಂತದ್ದುಂಟು. ಅಲ್ಲಿ ಅವರ ಬೆನ್ನಿಗೆ ಆಸರೆ ಸಿಕ್ಕಿದ್ದು ಯಾರ ನೆನಪಿನಲ್ಲೂ ಇರಲಿಲ್ಲ.

"ಕೂಡ್ರಿ ಮೇಡಂ," ಅಂದರು ಗೌಡರು.

ತನ್ನ ಹಿಂದೆ ಬೇರೆ ಯಾರೋ ಬಂದಿರಬೇಕು ಅಂದುಕೊಂಡು ಪಂಚಶೀಲಾ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಕುಂತಳು, ಅಂಚಿನ ಮೇಲೆ, ಬಸ್ಸಿನಲ್ಲಿ ಕಂಡಕ್ಟರನ ಸೀಟು ಹಿಡಿದವರ ಹಾಗೆ.

ವಿಷಯ ಮುಸ್ಯಾಗಳದ್ದು. ಮಾರುತಿ ಗುಡಿಯ ಹಿಂದಿನ ಆಲದ ಗಿಡದಲ್ಲಿ ಕರಿ ಮೋರೆಯ, ಉದ್ದ ಬಾಲದ ಮುಸ್ಯಾಗಳ ಹಿಂಡೊಂದು ವರ್ಷಗಳಿಂದ ಬಿಡಾರ ಹೂಡಿತ್ತು. ಒಂದು ಹಿರೇ ಗಂಡು, ಅದರ ಸುತ್ತ ಹೆಣ್ಣುಗಳು, ಹೆಣ್ಣುಗಳ ಎದೆಗೆ ಅಂಟಿದ ಮರಿಗಳು. ಈ ಸಲ ತೊಗರಿ ಕಾಯಿ ಕಟ್ಟಿದಾಗಿನಿಂದ ಹಿಂಡಿಗೆ ಗೌಡರ ಹೊಲವೇ ಊಟದ ಮನೆಯಾಗಿತ್ತು. ಹೊಲ ಮುಗಿಸಿ ಊರಿಗೆ ಬಂದರೆ ನೀರಿನ ಟ್ಯಾಂಕಿನ ಮುಚ್ಚಳ ಕೀಳುತ್ತಿದ್ದವು. ಗೌಡತಿ ಗೌರಾಬಾಯಿ ಮಾಳಿಗೆ ಮೇಲೆ ಒಣಹಾಕಿದ ಶೇಂಗಾ ಹೋಯಿತು, ಹಪ್ಪಳ ಹೋಯಿತು, ಕಡೆಗೆ ಅವರ ಬಿ.ಪಿ. ಗುಳಿಗೆಯ ಡಬ್ಬಿಯೂ ಹೋಯಿತು. ಹನುಮಪ್ಪನ ರೂಪ, ಹೊಡೆಯುವಂತಿಲ್ಲ. ಮೇಲಿನ ಓಣಿಯವರು ಹಿರೇ ಗಂಡಿಗೆ ಮುತ್ಯಾ ಅಂತ ಕೈ ಮುಗಿಯುತ್ತಿದ್ದರು. ಕೆಳಗಿನ ಓಣಿಯವರು ಅದನ್ನು ಸಾವಕಾರ ಅನ್ನುತ್ತಿದ್ದರು, ಬಾಲ ಎತ್ತಿಕೊಂಡು ಮಾಳಿಗೆಯ ಅಂಚಿನಲ್ಲಿ ಅದು ನಡೆಯುವ ಠೀವಿ ನೋಡಿ. ಯಾರ ಠೀವಿ ಅನ್ನುವುದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಮಂಗ ಹಿಡಿಯುವ ಲಾಲಸಾಬನನ್ನು ಆಳಂದದಿಂದ ಕರೆಸಿದ್ದರು. ಅವನು ಹಾಸುಗಲ್ಲಿನ ಮೇಲೆ ಕುಂತು ಚಾ ಊದಿಕೊಳ್ಳುತ್ತಿದ್ದ.

"ಎಲ್ಲಾ ಹಿಡಿ ಅಂದ್ರ ಆಗೂ ಮಾತಲ್ರಿ ಗೌಡ್ರ. ಗಿಡ ಭಾರಿ ಅದ," ಅಂದ. "ಒಂದು ಹಿಡಿ ಅನ್ರಿ, ನಾಳಿಗೇ ಪಂಜರದಾಗ ಹಾಕಿ ತೋರಸ್ತೇನಿ."

"ಅದಕೇ ಮೇಡಂ ಅವರನ್ನ ಕರಸಿದ್ದು," ಗೌಡರು ಅವಳ ಕಡೆ ತಿರುಗಿದರು. "ನಮ್ಮ ತಲಿಗೆ ಹೊಳದದ್ದು ಇಷ್ಟು. ಹಿರೇದೊಂದು ತಗದು ದೂರ ಬಿಟ್ಟು ಬಂದ್ರ ಉಳಿದವು ತಾವೇ ಊರು ಬಿಡ್ತಾವೇನು? ಮನೀ ಹಿರಿಯಾ ಹೋದ್ರ ಮನಿ ಚದುರತದಲ್ಲ, ಹಂಗ. ನೀವು ಇದರಾಗೇ ಓದಿದವ್ರು. ನೀವು ಹೂಂ ಅಂದ್ರ ಊರು ಹೂಂ ಅಂತದ."

ಪಂಚಶೀಲಾ ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಅಫಜಲಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಕ್ಲಾಸು ಇಲ್ಲದ ದಿನ ಗುಡಿಯ ಹಿಂದಿನ ಮೋಟು ಗೋಡೆಯ ಮೇಲೆ ಕುಂತು ಇದೇ ಹಿಂಡನ್ನು ನೋಡುತ್ತಿದ್ದಳು. ಸಂಶೋಧನೆಗೆ ಇದೇ ವಿಷಯ ಹಿಡಿಯುವ ಆಸೆ. ಊರವರು ಅದಕ್ಕೆ ಮಂಗ್ಯಾನ ಡಿಗ್ರಿ ಅಂತ ಹೆಸರಿಟ್ಟಿದ್ದರು. ಈಗ ಅದೇ ಊರು ಅವಳ ಬಾಯಿ ನೋಡುತ್ತಿತ್ತು.

ಅವಳಿಗೆ ಗೊತ್ತಿದ್ದದ್ದು ಇಷ್ಟು. ಹಿರೇ ಗಂಡನ್ನು ಕಿತ್ತರೆ ಹಿಂಡು ಚದುರಬಹುದು. ಚದುರದೆಯೂ ಇರಬಹುದು. ಹೊರಗಿನ ಗಂಡುಗಳು ನುಗ್ಗಬಹುದು. ನುಗ್ಗಿದರೆ ಆಗುವುದು ಪುಸ್ತಕದಲ್ಲಿ ಓದಲಿಕ್ಕೂ ಕಷ್ಟವಾಗಿತ್ತು. ಅಂದರೆ ಸರಿಯಾದ ಉತ್ತರ, ಹೇಳಲಿಕ್ಕೆ ಬರುವುದಿಲ್ಲ ಅನ್ನುವುದು.

ಆದರೆ ಅವಳ ತಲೆಯಲ್ಲಿ ಅವ್ವ ಇದ್ದಳು. ಅವಳವ್ವ ರಮಾಬಾಯಿ ಊರ ಸಾಲಿಯ ಬಿಸಿಯೂಟದ ಮನೆಯಲ್ಲಿ ಸಹಾಯಕಿ. ಮಗಳು ಆ ಸಾಲಿಯಲ್ಲಿ ಓದುವಾಗಿನಿಂದ ಅಲ್ಲಿ ಕಾಯಿಪಲ್ಲೆ ಹೆಚ್ಚುತ್ತಿದ್ದಳು, ಪಾತ್ರೆ ತಿಕ್ಕುತ್ತಿದ್ದಳು. ಒಲೆಯ ಮುಂದೆ ನಿಲ್ಲುತ್ತಿದ್ದ ಕಾಶಿಬಾಯಿ ಕೆಲಸ ಬಿಟ್ಟು ಮಗಳ ಊರಿಗೆ ಹೋದ ಮೇಲೆ ಸರದಿಯ ಪ್ರಕಾರ ಮುಖ್ಯ ಅಡಿಗೆಯವಳಾಗಬೇಕಾದದ್ದು ರಮಾಬಾಯಿ. ಯಾರೂ ಬೇಡ ಅಂದಿರಲಿಲ್ಲ. ಹೆಡ್‌ಮಾಸ್ತರ ಅನೀಲಕುಮಾರ, ನನ್ನದೇನು ಅಡ್ಡಿ ಇಲ್ಲ ಅಂದಿದ್ದರು. ಪಾಲಕರು, ನಮ್ಮದೇನಿದೆ ಅಂದಿದ್ದರು. ಒಬ್ಬರಿಗೂ ಅಡ್ಡಿ ಇಲ್ಲದ ಆ ಕೆಲಸ ದೀಪಾವಳಿಯಿಂದ ಹಾಗೇ ಬಿದ್ದಿತ್ತು, ದಿನಕ್ಕೊಬ್ಬರು ಮೇಲಿನ ಓಣಿಯವರು ಬಂದು ಅನ್ನ ಬೇಯಿಸಿ ಹೋಗುತ್ತಿದ್ದರು. ಸಾಲಿ ಸಮಿತಿಯ ಅಧ್ಯಕ್ಷರು ಶಾಂತಲಿಂಗಪ್ಪಗೌಡರು.

"ಹೋಗ್ತಾವ್ರಿ," ಅಂದಳು ಪಂಚಶೀಲಾ.

"ಖರೇನು?"

"ಹೌದ್ರಿ. ಹಿರೇದು ಇಲ್ಲಂದ್ರ ಇಲ್ಲಿ ಇರಂಗಿಲ್ಲ."

ಗೌಡರು ಕಟ್ಟೆಯ ಮೇಲಿದ್ದವರನ್ನೆಲ್ಲ ಒಂದು ಸುತ್ತು ನೋಡಿದರು. "ಕೇಳಿದ್ರಿಲ್ಲ? ಕಲತವರು ಮನ್ಯಾಗ ಒಬ್ರು ಇರಬೇಕು ನೋಡ್ರಿ, ಯಾರ ಮನ್ಯಾಗರೆ ಇರಲಿ." ಆಮೇಲೆ ದನಿ ಇಳಿಸಿ, "ನಿಮ್ಮವ್ವನ ವಿಷಯ ನನ್ನ ತಲ್ಯಾಗ ಅದ. ಈ ಮಂಗ್ಯಾನ ಕೆಲಸ ಒಂದು ಮುಗೀಲಿ, ಅದನ್ನೂ ಮುಗಿಸಿಬಿಡೂಣು," ಅಂದರು.

ಮನೆಗೆ ಬಂದು ಹೇಳಿದಾಗ ರಮಾಬಾಯಿ ಖುರ್ಚಿಯ ಬಗ್ಗೆಯೇ ನಾಲ್ಕು ಸಲ ಕೇಳಿದಳು. ಅಪ್ಪ ಜೈಭೀಮ ಗೌಂಡಿ ಕೆಲಸದ ಕರಣೆ ತೊಳೆಯುತ್ತಾ ಒಂದೇ ಮಾತು ಕೇಳಿದ. "ಹೋಗದಿದ್ರ?"

"ಹೋಗ್ತಾವ ತಗೋ ಅಪ್ಪಾ."

"ಹೋಗ್ತಾವೇನೋ ಖರೇ. ಹೋಗದಿದ್ರ ಏನಂತ ಕೇಳಾಕತ್ತೇನಿ."



ಲಾಲಸಾಬ ಮಾತು ಉಳಿಸಿಕೊಂಡ. ಮರುದಿನ ಪಂಜರದಲ್ಲಿ ಬಾಳೆಹಣ್ಣಿಟ್ಟು ದೂರ ಕುಂತ. ಹೆಣ್ಣೊಂದು ಮೊದಲು ಹೊರಟಿತು. ಸಾವಕಾರ ಅದರ ಕಪಾಳಕ್ಕೊಂದು ಕೊಟ್ಟು ಹಿಂದೆ ಸರಿಸಿ ತಾನೇ ಒಳಗೆ ಹೋಯಿತು. ಮೊದಲು ಉಣ್ಣುವ ಹಕ್ಕು ಅದರದ್ದು, ಪಂಜರದಲ್ಲೂ. ಬಾಗಿಲು ಬಿದ್ದಾಗ ಗಿಡಕ್ಕೆ ಗಿಡವೇ ಚೀರಿತು. ಗೌರಾಬಾಯಿ ಪಂಜರಕ್ಕೆ ಕುಂಕುಮ ಹಚ್ಚಿ, ತಪ್ಪು ತಿಳಕೋಬ್ಯಾಡಪ್ಪ ಮುತ್ಯಾ ಅಂತ ಕಾಯಿ ಒಡೆದರು. ಟೆಂಪೊ ಅಫಜಲಪುರ ದಾಟಿ, ಜೇವರ್ಗಿ ದಾಟಿ, ಯಡ್ರಾಮಿಯ ಆಚೆ ಯಾವುದೋ ಗುಡ್ಡದ ಬುಡದಲ್ಲಿ ಅದನ್ನು ಇಳಿಸಿ ಬಂತು.

ಆಮೇಲೆ ನಾಲ್ಕಾರು ದಿನ ಊರು ತಣ್ಣಗಿತ್ತು. ಹೆಣ್ಣುಗಳು ಗಿಡ ಬಿಟ್ಟು ಇಳಿಯಲಿಲ್ಲ. ಗೌಡರ ತೊಗರಿ ಉಳಿಯಿತು. ದಾರಿಯಲ್ಲಿ ಸಿಕ್ಕವರು, ಮೇಡಂ ಭಾರಿ ಹೇಳಿದ್ರಿ ಬಿಡ್ರಿ ಅಂದರು. ಅನೀಲಕುಮಾರ ಮಾಸ್ತರು ರಮಾಬಾಯಿಯನ್ನು ಕರೆದು, ಇನ್ನೇನು ಸಭಾ ಆದ ಕೂಡಲೇ ನೀನೇ ಒಲಿ ಮುಂದ ಅಂತ ಹೇಳಿದರು. ಅವತ್ತು ಮನೆಯಲ್ಲಿ ರಮಾಬಾಯಿ ಮೂವರಿಗೆ ಮಾಡುವ ಸಾರನ್ನು ದೊಡ್ಡ ಬೋಗಣಿಯಲ್ಲಿ ಮಾಡಿದಳು. ಇಷ್ಟು ನೀರಿಗೆ ಉಪ್ಪೆಷ್ಟು ಅಂತ ಕೈಗೆ ರೂಢಿ ಆಗಬೇಕಲ್ಲ ಅಂದಳು. ಓಣಿಯವರೆಲ್ಲ ಎರಡು ಹೊತ್ತು ಅದೇ ಸಾರು ಉಂಡರು.

"ನಮ್ಮ ಕೈಯಾಗಿನ ಉಪ್ಪು ಅವ್ರ ಹುಡುಗರ ಹೊಟ್ಟಿಗೆ ಇಳೀತಂದ್ರ ಸಾಕು," ಅಂದಳು ರಮಾಬಾಯಿ. "ಮುಂದಿಂದು ತಾನೇ ಆಗ್ತದ."

ಆ ವಾರ ಕಾಲೇಜಿನಲ್ಲಿ ಪಂಚಶೀಲಾ ಪಾಠ ಮಾಡುತ್ತಿದ್ದದ್ದು ಜೀವಸಂಖ್ಯೆಯ ಏರಿಳಿತದ ಬಗ್ಗೆ. ಬೋರ್ಡಿನ ಮೇಲೆ ಸಣ್ಣದೊಂದು ಸಮೀಕರಣ ಬರೆದಿದ್ದಳು. ಒಂದು ಹೊಲ, ಅದರಲ್ಲಿ ಮಿಡತೆ. ಈ ವರ್ಷದ ಸಂಖ್ಯೆ ಹಾಕಿದರೆ ಮುಂದಿನ ವರ್ಷದ್ದು ಬರುತ್ತದೆ. ಹುಟ್ಟುವ ದರ ಕಡಿಮೆ ಇದ್ದರೆ ಸಂಖ್ಯೆ ಒಂದು ಕಡೆ ನಿಲ್ಲುತ್ತದೆ. ಇನ್ನಷ್ಟು ಏರಿಸಿದರೆ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಇನ್ನೂ ಏರಿಸಿ ಒಂದು ಗೆರೆ ದಾಟಿದರೆ ಯಾವ ವರ್ಷ ಏನು ಅನ್ನುವುದು ದೇವರಿಗೂ ತಿಳಿಯದು.

"ಮೇಡಂ, ಲೆಕ್ಕ ಸರಿ ಇದ್ರೂ?" ಮುಂದಿನ ಬೆಂಚಿನ ಜಸ್ಮೀನ ಕೇಳಿದಳು.

"ಲೆಕ್ಕ ಸರಿನೇ ಇರ್ತದ. ಆದ್ರ ಎಲ್ಲಿಂದ ಸುರು ಮಾಡಿದೆವು ಅನ್ನೂದು ಕೂದಲೆಳಿಯಷ್ಟು ಆಚೀಚೆ ಆದ್ರೂ ಉತ್ತರ ಪೂರಾ ಬ್ಯಾರೇನೇ ಬರ್ತದ."

"ಮತ್ತ ಅಂಥಾ ಲೆಕ್ಕ ಯಾಕರೆ ಮಾಡಬೇಕ್ರಿ?" ಹಿಂದಿನಿಂದ ಬಂದೇನವಾಜ ಅಂದ. ಕ್ಲಾಸು ನಕ್ಕಿತು.

"ಎಲ್ಲಿ ಗೊತ್ತಿಲ್ಲ ಅಂತ ಹೇಳಬೇಕು ಅನ್ನೂದು ಗೊತ್ತಾಗಲಿ ಅಂತ," ಅಂದಳು ಪಂಚಶೀಲಾ. ಅಂದವಳೇ ಬೋರ್ಡಿನ ಕಡೆ ತಿರುಗಿ, ಒರೆಸಬೇಕಾಗಿಲ್ಲದ್ದನ್ನೂ ಒರೆಸಿದಳು.

ಅವತ್ತು ಸಂಜೆ ಬಸ್ಸಿಳಿದಾಗ ಊರಿನ ತಗಡುಗಳೆಲ್ಲ ಗುಡುಗುತ್ತಿದ್ದವು. ಭೀಮಾ ನದಿಯ ಕಡೆಯಿಂದ ಗಂಡುಗಳ ದಂಡು ಬಂದಿತ್ತು. ಹಿಂಡಿಲ್ಲದ, ಹೆಣ್ಣಿಲ್ಲದ ಪುಂಡ ಗಂಡುಗಳು. ಸಾವಕಾರ ಇರುವತನಕ ಹೊಳೆದಂಡೆಯ ಜಾಲಿ ದಾಟಿ ಈಚೆ ಕಾಲಿಡದವು. ಎರಡು ದಿನ ಅವು ಗಿಡದಲ್ಲಿ, ಮಾಳಿಗೆಗಳ ಮೇಲೆ, ಗುಡಿಯ ಶಿಖರದ ಮೇಲೆ ಒಂದಕ್ಕೊಂದು ಕಚ್ಚಾಡಿದವು. ಕರೆಂಟಿನ ತಂತಿ ಹರಿಯಿತು. ರಕ್ತ ಸುರಿಯುವ ಒಂದು ಗಂಡು ಗೌಡರ ದೇವರ ಮನೆಯೊಳಗೆ ಹೊಕ್ಕು ಹೊರಬರಲಿಲ್ಲ. ಜಗಲಿಯ ಮುಂದೆಯೇ ಉಚ್ಚೆ ಹೊಯ್ದಿತು. ಕಡೆಗೆ ಕಿವಿ ಹರಿದ ಒಂದು ಗಂಡು ಉಳಿದವನ್ನು ಓಡಿಸಿ ಗಿಡದ ನಡು ಕೊಂಬೆಯಲ್ಲಿ, ಸಾವಕಾರ ಕೂಡುತ್ತಿದ್ದ ಜಾಗದಲ್ಲಿ, ಕುಂತಿತು.

ಮೂರನೆಯ ದಿನ ಗುಡಿಯ ಮೆಟ್ಟಿಲ ಮೇಲೆ ಮೊದಲ ಮರಿ ಬಿದ್ದಿತ್ತು. ಹೊಟ್ಟೆ ಸೀಳಿತ್ತು. ತಾಯಿ ಅದನ್ನು ಎತ್ತಿಕೊಳ್ಳುತ್ತಿತ್ತು, ಇಳಿಸುತ್ತಿತ್ತು, ಮತ್ತೆ ಎತ್ತಿಕೊಳ್ಳುತ್ತಿತ್ತು.

ಜಂಬೆಹಾಳದಲ್ಲಿ ಮುಸ್ಯಾ ಸತ್ತರೆ ಮನುಷ್ಯರ ಹಾಗೇ ಮಣ್ಣು ಮಾಡುವುದು ರೂಢಿ. ಮೈ ತೊಳೆದು, ಹೊಸ ಬಟ್ಟೆ ಹೊದಿಸಿ, ಹೂವಿನ ಮಂಚದಲ್ಲಿ ಕೂಡಿಸಿ, ಹಲಗಿ ಬಾರಿಸುತ್ತಾ ಊರು ಸುತ್ತಿಸಿ ಗುಡಿಯ ಪಕ್ಕ ಹುಗಿಯುತ್ತಾರೆ. ಆಮೇಲೆ ಹುಗ್ಗಿಯ ಊಟ. ಹಲಗಿ ಬಾರಿಸಲಿಕ್ಕೆ, ಕುಣಿ ತೋಡಲಿಕ್ಕೆ ಚೌಡಾಪುರದ ಕಡೆಯಿಂದ ಮಂದಿ ಬರುತ್ತಿದ್ದರು. ಯಾಕಂದರೆ ಊರೊಳಗಿನ ಹಲಗಿ ನಿಂತು ಒಂದು ತಲೆಮಾರಾಗಿತ್ತು. ಪಂಚಶೀಲಾಳ ಅಜ್ಜ ಮಲ್ಕಪ್ಪ ಬುದ್ಧನ ದೀಕ್ಷೆ ತಗೊಂಡ ವರ್ಷ ತನ್ನ ಹಲಗಿಯನ್ನು ಭೀಮಾ ನದಿಗೆ ಒಗೆದು ಬಂದಿದ್ದ. ಸತ್ತದ್ದನ್ನು ಹೊರುವುದಿಲ್ಲ, ಸತ್ತದ್ದರ ಮುಂದೆ ಬಾರಿಸುವುದಿಲ್ಲ ಅಂತ ಕೆಳಗಿನ ಓಣಿಯೆಲ್ಲ ಅವನ ಹಿಂದೆ ನಿಂತಿತ್ತು. ಆಮೇಲೆ ಹುಟ್ಟಿದ ಮಗನಿಗೆ ಜೈಭೀಮ ಅಂತ ಹೆಸರಿಟ್ಟಿದ್ದ.

ಒಂದು ಮರಿಯ ಮಣ್ಣು ಮುಗಿಯುವುದರೊಳಗೆ ಇನ್ನೊಂದು ಬಿತ್ತು. ಆಮೇಲೆ ಸಾಲಿಯ ಅಂಗಳದಲ್ಲಿ ಮತ್ತೊಂದು. ಅದು ಮಕ್ಕಳ ಕಣ್ಣೆದುರಿಗೇ. ಕಿವಿಹರಕ ತಾಯಿಯ ಎದೆಯಿಂದ ಅದನ್ನು ಕಿತ್ತು ಒಗೆದು, ಏನೂ ಆಗದವರ ಹಾಗೆ ಗೋಡೆಯ ಮೇಲೆ ಕುಂತು ಮೈ ಕೆರೆದುಕೊಂಡಿತು. ಮರಿ ಇರುವ ಹೆಣ್ಣುಗಳು ಜೀವ ಹಿಡಿದು ಮನೆಗಳ ಒಳಗೆ ನುಗ್ಗತೊಡಗಿದವು. ಗೌರಾಬಾಯಿಯ ಅಡಿಗೆಮನೆಯ ಅಟ್ಟದ ಮೇಲೆ ಒಂದು ತಾಯಿ ಕುಂತುಬಿಟ್ಟಿತು. ಗೌರಾಬಾಯಿ ಅದಕ್ಕೆ ಬಟ್ಟಲಲ್ಲಿ ಹಾಲಿಟ್ಟರು. ಮರುದಿನ ಕಿವಿಹರಕ ಬೆಳಕಿಂಡಿಯಿಂದ ಇಳಿದು ಬಂತು.

ಆ ಮರಿಯ ಮಣ್ಣಿಗೆ ಪಂಚಶೀಲಾ ಹೋದಳು. ನಿಂತು ನೋಡುವುದಷ್ಟೇ ಅವಳ ಇರಾದೆ. ಆದರೆ ಗೌರಾಬಾಯಿ ಕುಣಿಯ ಬಾಯಲ್ಲಿ ಕುಂತು, ಹಾಲುಗಲ್ಲದ ಕೂಸು, ಯಾರಿಗೇನು ಮಾಡಿತ್ತಬೇ ಅಂತ ಅಳುವುದು ಕಂಡು ಅವಳಿಗೆ ತಡೆಯಲಾಗಲಿಲ್ಲ. ತಿಳಿಸಿ ಹೇಳಿದರೆ ಹಗುರಾಗುತ್ತದೆ ಅಂದುಕೊಂಡಳು. ಕಲಿತವರಿಗೆ ಹಾಗೆ ಅನಿಸುತ್ತದೆ.

"ಅದು ಪಾಪ ಅಲ್ರಿ ಅಮ್ಮಾರ. ಅದರ ಸ್ವಭಾವ. ಹೊಸಾ ಗಂಡು ಬಂದ್ರ ಹಳೇದರ ಮರಿ ಇಡಂಗಿಲ್ಲ. ಮರಿಗೆ ಹಾಲು ಕುಡಸೂತನ ತಾಯಿ ಮತ್ತ ಬೆದಿಗೆ ಬರಂಗಿಲ್ಲ, ಅದಕ."

ಗೌರಾಬಾಯಿ ಅಳು ನಿಲ್ಲಿಸಿದರು. "ಇದು ನಿನಗ ಹ್ಯಾಂಗ ಗೊತ್ತು?"

"ಪುಸ್ತಕದಾಗ ಓದಿದ್ದೆರಿ."

"ಯಾವಾಗ ಓದಿದಿ?"

"ಎಂ.ಎಸ್ಸಿ. ಓದೂವಾಗ."

"ಅಂದ್ರ ನಮ್ಮ ಕಟ್ಟಿಗಿ ಬಂದು ಖುರ್ಚಿ ಮ್ಯಾಲ ಕೂಡೂಕಿಂತ ಮೊದಲೇ," ಅಂದರು ಗೌರಾಬಾಯಿ. ಮೆಲ್ಲಗೇ ಅಂದರು. ಸುತ್ತಲಿದ್ದವರು ಕೇಳಿಸಿಕೊಳ್ಳುವಷ್ಟು ಮೆಲ್ಲಗೆ.

ಮರಿಗಳನ್ನು ಕೊಂದದ್ದು ಕಿವಿಹರಕ. ಸಾವಕಾರನನ್ನು ಹಿಡಿದದ್ದು ಲಾಲಸಾಬ. ಹಿಡಿಸಿದ್ದು ಗೌಡರು. ಆದರೆ ಊರಿನ ಮಾತು ನೀರಿದ್ದ ಹಾಗೆ, ಇಳಿಜಾರು ಎಲ್ಲಿದೆಯೋ ಅಲ್ಲಿಗೆ ಹರಿಯಿತು. ಸಂಜೆಯೊಳಗೆ ಅದು ಕೆಳಗಿನ ಓಣಿಗೆ, ಕೆಳಗಿನ ಓಣಿಯ ಒಂದೇ ಮನೆಯ ಬಾಗಿಲಿಗೆ ಬಂದು ನಿಂತಿತು.

ಗೌಡರು ಮತ್ತೆ ಹೇಳಿಕಳಿಸಿದರು. ಈ ಸಲ ಜೈಭೀಮನಿಗೆ. ಮಗಳೂ ಹಿಂದೆ ಹೋದಳು. ಕಟ್ಟೆಯ ಮೇಲೆ ಮೇಲಿನ ಓಣಿಯ ಹಿರಿಯರಿದ್ದರು. ಖುರ್ಚಿ ಇರಲಿಲ್ಲ, ಅಪ್ಪ ಮಗಳು ಅಂಗಳದಲ್ಲಿ ನಿಂತರು. ಪಡಸಾಲೆಯ ಗೋಡೆಯ ಮೇಲೆ ಬಸವಣ್ಣನ ಫೋಟೊಕ್ಕೆ ಆವತ್ತಿನ ಹೂವಿತ್ತು.

"ನಿನ್ನ ಮಗಳು ಗೊತ್ತಿದ್ದೂ ಹೇಳ್ಲಿಲ್ಲ ಜೈಭೀಮ," ಅಂದರು ಗೌಡರು. "ನನಗ ಸಿಟ್ಟಿಲ್ಲ. ಹುಡುಗಿ, ತಪ್ಪಿತು. ಆದ್ರ ಮಂದಿಗೆ ದೋಷದ ಭಯ ಆಗ್ಯಾದ. ಕೂಸುಗಳ ಸಾವು. ಇನ್ನ ಹೊಟ್ಟೀಲೆ ಇದ್ದ ಸೊಸೆಯಂದಿರು ಊರಾಗ ಅದಾರ. ಏನರೆ ಒಂದು ಶಾಂತಿ ಆಗಬೇಕಲ್ಲ?"

"ಏನಾಗಬೇಕ್ರಿ?"

"ಭಾಳ ಏನಿಲ್ಲ. ಇವತ್ತ ಮತ್ತೊಂದು ಬಿದ್ದದ. ನಾಳೆ ಅದರ ಮಣ್ಣು ನಿಮ್ಮ ಮನೀದೇ ಆಗಲಿ. ಕುಣಿ ನೀ ತೋಡು. ಹಲಗಿ ನೀ ಬಾರಸು. ನಿಮ್ಮಪ್ಪ ಮಲ್ಕಪ್ಪ ಬಾರಸ್ತಿದ್ನಲ್ಲ, ಹಂಗ. ಒಂದು ಸಲ. ಅಲ್ಲಿಗೆ ಮುಗೀತು. ಸೋಮವಾರ ರಮಾಬಾಯಿ ಒಲಿ ಮುಂದ ನಿಲ್ಲಲಿ, ಯಾರು ಏನಂತಾರ ನಾ ನೋಡ್ತೇನಿ."

"ಬಾರಸದಿದ್ರ?" ಪಂಚಶೀಲಾ ಕೇಳಿದಳು.

"ಬಾರಸಲೇಬೇಕಂತ ಯಾರಂದ್ರು? ನಾವೇನು ಜುಲುಮಿ ಮಾಡಾಕತ್ತಿಲ್ಲ," ಗೌಡರು ಅವಳ ಕಡೆ ನೋಡದೆ ಅಂದರು. "ಈಗೆಲ್ಲ ಕಾನೂನು ಅದಾವ. ಬಾರಸದಿದ್ರ ಬ್ಯಾಡ. ಸಾಲಿ ವಿಷಯ ಸಾಲಿ ಸಮಿತಿ ನೋಡ್ಕೋತದ, ಅಷ್ಟೇ."

ಇಬ್ಬರೂ ಮನೆಗೆ ಬಂದು ಹೇಳಿದರು. ರಮಾಬಾಯಿಯೇ ಮೊದಲು ಬಾಯಿ ತೆರೆದಳು.

"ಬ್ಯಾಡ. ನನಗೆ ಆ ಒಲಿ ಬ್ಯಾಡ. ಪಾತ್ರಿ ತಿಕ್ಕೇ ಇಷ್ಟು ವರ್ಷ ಬದುಕೇನಿ."

"ಕೇಸ್ ಹಾಕೂಣ ಅವ್ವಾ. ಹಿಂಗ ಹೇಳೂದೇ ತಪ್ಪದ," ಅಂದಳು ಪಂಚಶೀಲಾ.

"ಹಾಕು. ಕೂಗಿ ಹೇಳ್ಯಾರೇನು, ಬರದು ಕೊಟ್ಟಾರೇನು? ಬ್ಯಾಡಂದ್ರ ಬ್ಯಾಡ ಅಂದಾರ. ನಿಮ್ಮಪ್ಪ ಕಟ್ಟೂ ಗ್ವಾಡಿ ಯಾರವು? ಹಿಟ್ಟಿನ ಗಿರಣಿ ಯಾರದು?"

ಜೈಭೀಮ ಮಗಳನ್ನು ನೋಡಿದ. "ನೀ ಏನಂತಿ?"

ಅವಳು ಬೇಡ ಅನ್ನುತ್ತಾಳೆ ಅಂತ ಅವನು ಕೇಳಿದ್ದ. ಅಜ್ಜ ಹಲಗಿಯನ್ನು ಹೊಳೆಗೆ ಒಗೆದ ಕತೆಯನ್ನು ಸಣ್ಣಾಕೆ ಇದ್ದಾಗ ಅವಳು ದಿನಾ ಹೇಳಿಸಿಕೊಂಡು ಮಲಗುತ್ತಿದ್ದಳು. ಪಂಚಶೀಲಾಗೆ ಮಾತ್ರ ಕಂಡದ್ದು ದೊಡ್ಡ ಬೋಗಣಿಯ ಸಾರು. ತಾನು ಕೆಡಿಸಿದ್ದು ಒಂದು ದಿನದಲ್ಲಿ ಸರಿಹೋಗುತ್ತದೆ ಅಂತಲೂ ಕಂಡಿತು. ಮತ್ತೆ ಅದೇ ತಪ್ಪು; ಗೊತ್ತಿಲ್ಲದ ಉತ್ತರವನ್ನು ಗೊತ್ತಿದ್ದವರ ದನಿಯಲ್ಲಿ ಹೇಳುವುದು.

"ಒಂದೇ ಸಲ ಅಪ್ಪಾ," ಅಂದಳು. "ಒಂದು ಸಲಕ್ಕ ಏನಾಗ್ತದ."

ಜೈಭೀಮ ಎದ್ದು ಮೋಟರ್ ಸೈಕಲ್ಲಿನಲ್ಲಿ ಚೌಡಾಪುರಕ್ಕೆ ಹೋಗಿ, ಬಾರಿಸುವವರ ಮನೆಯಿಂದ ಹಲಗಿ ಇಸಕೊಂಡು ಬಂದ.

ಅವನಿಗೆ ಬಾರಿಸಲು ಬರುತ್ತಿರಲಿಲ್ಲ. ಬರಬಾರದು ಅಂತಲೇ ಮಲ್ಕಪ್ಪ ಅವನನ್ನು ಬೆಳೆಸಿದ್ದ. ಮರುದಿನ ಹೂವಿನ ಮಂಚದ ಮುಂದೆ ಅವನು ನಡೆದ. ಕೊರಳಲ್ಲಿ ಹಲಗಿ, ಮೈಮೇಲೆ ಇಸ್ತ್ರಿ ಮಾಡಿದ ಅಂಗಿ. ಹಲಗಿ ಒದ್ದೆ ಗೋಣಿಗೆ ಬಡಿದ ಹಾಗೆ ಸದ್ದು ಮಾಡಿತು. ತಾಳ ಒಂದು ಕಡೆ, ಕಾಲು ಒಂದು ಕಡೆ. ಮೇಲಿನ ಓಣಿಯಲ್ಲಿ ಮೊದಲು ಯಾರೋ ಕೆಮ್ಮಿದರು, ಆಮೇಲೆ ನಕ್ಕರು.

"ಲೇ ಜೈಭೀಮ, ರೊಟ್ಟಿ ಬಡ್ಯಾಕತ್ತಿಯೇನಲೇ?"

"ರಕ್ತದಾಗ ಇರ್ತದಂತಾರ, ಇವನ ರಕ್ತ ಯಾವ ದವಾಖಾನಿದೋ."

"ನಿಮ್ಮಪ್ಪ ಬಾರಸಿದ್ರ ಸತ್ತ ಹೆಣ ಕುಣೀತಿತ್ತು. ನೀ ಬಾರಸಿದ್ರ ಇದ್ದದ್ದೂ ಓಡಿ ಹೋಗ್ತದ."

ಗೌಡರ ಮಗ ಸಂಜುಕುಮಾರ ಮೊಬೈಲ್ ಎತ್ತಿ ವಿಡಿಯೊ ಮಾಡಿದ. ಜೈಭೀಮ ಯಾರ ಮುಖವನ್ನೂ ನೋಡಲಿಲ್ಲ. ಕುಣಿ ಮಾತ್ರ ಅವನು ಚಂದ ತೋಡಿದ. ಪ್ರತಿ ಮೂಲೆಗೂ ಮೂಲೆಮಟ್ಟ ಹಿಡಿದ ಹಾಗೆ, ಗೌಂಡಿಯ ಕೈ. ಮಂಚದಿಂದ ಮರಿಯನ್ನು ಎತ್ತಿ ಒಳಗಿಡುವುದೂ ಅವನ ಪಾಲಿಗೇ ಬಂತು. ಆಮೇಲೆ ಹುಗ್ಗಿ ಬೇರೆ ಪಂಕ್ತಿಯಲ್ಲಿ, ಎಲೆಯ ಮೇಲೆ ಎತ್ತರದಿಂದ ಬಿತ್ತು. ಅವನು ಉಣ್ಣದೆ ಎದ್ದ.

ಪಂಚಶೀಲಾ ಮೋಟು ಗೋಡೆಯ ಹತ್ತಿರ ನಿಂತಿದ್ದಳು. ತಲೆ ಎತ್ತಿದರೆ ಆಲದ ಗಿಡ. ಅಲ್ಲಿ ಗಲಾಟೆ ಮುಗಿದಿತ್ತು. ಮೊದಲ ಮರಿಯನ್ನು ಕಳಕೊಂಡ ತಾಯಿ ಕಿವಿಹರಕನ ಹಿಂದೆ ಕುಂತು, ಅದರ ಬೆನ್ನಿನ ಕೂದಲು ಬಿಡಿಸಿ ಬಿಡಿಸಿ ಹೇನು ಹೆಕ್ಕುತ್ತಿತ್ತು. ಕಿವಿಹರಕ ಕಣ್ಣು ಮುಚ್ಚಿಕೊಂಡಿತ್ತು. ಹಿಂಡು ಎಲ್ಲಿಗೂ ಹೋಗಲಿಲ್ಲ. ಗೌಡರ ತೊಗರಿ ಹೊಲದ ಕಡೆ ಆಗಲೇ ಎರಡು ಹೆಣ್ಣು ಇಳಿಯುತ್ತಿದ್ದವು.

ಸೋಮವಾರ ರಮಾಬಾಯಿ ತಲೆಗೆ ಎಣ್ಣೆ ಹಚ್ಚಿ, ನೀಟಾಗಿ ಹೆರಳು ಹಾಕಿ, ಹೊತ್ತಿಗೆ ಮೊದಲೇ ಸಾಲಿಗೆ ಹೋದಳು. ಪಂಚಶೀಲಾ ಕಾಲೇಜಿಗೆ ರಜೆ ಹಾಕಿ ಜೊತೆಗೆ ಹೋದಳು. ಬಿಸಿಯೂಟದ ಮನೆಯ ಬಾಗಿಲಲ್ಲಿ ಅನೀಲಕುಮಾರ ಮಾಸ್ತರು ನಿಂತಿದ್ದರು. ಒಳಗೆ ಮೇಲಿನ ಓಣಿಯ ಹೆಣ್ಣುಮಗಳೊಬ್ಬಳು ಒಲೆ ಹೊತ್ತಿಸುತ್ತಿದ್ದಳು.

"ನನ್ನದೇನು ಅಡ್ಡಿ ಇಲ್ಲ ರಮಾಬಾಯಿ," ಅಂದರು ಮಾಸ್ತರು. "ಆದ್ರ ಪಾಲಕರು ಮುಂಜಾನೆಯಿಂದ ಫೋನ್ ಮಾಡಾಕತ್ತಾರ."

"ಏನಂತ್ರಿ?" ರಮಾಬಾಯಿ ಕೇಳಿದಳು.

ಮಾಸ್ತರು ಚಪ್ಪಲಿಯಿಂದ ನೆಲ ಕೆರೆದರು. "ನಿನ್ನೆ ಸತ್ತದ್ದು ಮುಟ್ಟಿದ ಮನಿ. ಆ ಮನೀ ಕೈಯಾಗ ಮಕ್ಕಳಿಗೆ ಅನ್ನ ಹ್ಯಾಂಗ ಅಂತ."

"ಗೌಡರೇ ಹೇಳಿದ್ದು ಸರ್," ಅಂದಳು ಪಂಚಶೀಲಾ. "ಮಣ್ಣು ಮಾಡಿದ್ರ ಸೋಮವಾರದಿಂದ ಅಂತ."

"ಗೌಡರ ಜೋಡಿನೂ ಮಾತಾಡಿದೆ. ನಾ ಮಾತು ಕೊಟ್ಟಿದ್ದು ಖರೇ, ಮಂದಿ ಕೇಳ್ದಿದ್ರ ನಾ ಏನ್ ಮಾಡ್ಲಿ ಅಂದ್ರು. ಮೊದಲು ಬಾರಸ್ತಿರಲಿಲ್ಲ, ಆಗಾದ್ರ ಏನರೆ ಹೇಳಬಹುದಿತ್ತು, ಈಗ ಎಲ್ಲಾರೂ ವಿಡಿಯೊ ನೋಡ್ಯಾರ ಅಂದ್ರು." ಮಾಸ್ತರು ದನಿ ಇನ್ನೂ ಇಳಿಸಿದರು. "ಪಾತ್ರಿ ಕೆಲಸಕ್ಕೂ ಸದ್ಯ ಬರಬ್ಯಾಡ. ಮಂದಿ ಮರೀಲಿ."

ರಮಾಬಾಯಿ ಒಳಗಿನ ದೊಡ್ಡ ಬೋಗಣಿಯನ್ನು ನೋಡುತ್ತಾ ಒಂದು ಗಳಿಗೆ ನಿಂತಳು. "ಆ ಬ್ಯಾಳಿಗೆ ನೀರು ಸಾಲಂಗಿಲ್ಲ, ಹೇಳ್ರಿ ಆಕಿಗೆ," ಅಂದು ತಿರುಗಿದಳು.

ಅವತ್ತು ಜೈಭೀಮ ಕೆಲಸಕ್ಕೆ ಹೋಗಿರಲಿಲ್ಲ. ಹಲಗಿಯನ್ನು ಚೌಡಾಪುರಕ್ಕೆ ತಿರುಗಿ ಕೊಟ್ಟು ಬರಬೇಕಾಗಿತ್ತು, ಅದನ್ನೂ ಕೊಟ್ಟಿರಲಿಲ್ಲ. ಅದು ಬಾಗಿಲ ಪಕ್ಕ ಗೋಡೆಗೆ ಆನಿಕೊಂಡಿತ್ತು. ಸಾಲಿಯಲ್ಲಿ ಆದದ್ದನ್ನು ಕೇಳಿ, ಹೂಂ ಅಂದ. ಮಗಳ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೇ ಚೊಲೊ ಇತ್ತು ಅನಿಸಿತು ಪಂಚಶೀಲಾಗೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸಂಜುಕುಮಾರನ ಬೈಕು ಬಂದು ಅಂಗಳದ ಹೊರಗೆ ನಿಂತಿತು. ಅವನು ಇಳಿಯಲಿಲ್ಲ, ಗಾಡಿ ಬಂದ್ ಮಾಡಲಿಲ್ಲ.

"ಜೈಭೀಮ, ನಮ್ಮ ಮನೀ ಮುದುಕಿ, ದೊಡ್ಡಾಯಿ, ತೀರಿಕೊಂಡಳು. ಸಂಜೀಮುಂದ ಮಣ್ಣು. ಹಲಗಿ ಇನ್ನಾ ನಿನ್ನ ಹಂತ್ಯಾಕೇ ಅದ ಅಲ್ಲ? ಜಲ್ದಿ ಬಾ."

"ಅಪ್ಪ ಬರಂಗಿಲ್ರಿ," ಅಂದಳು ಪಂಚಶೀಲಾ, ಬಾಗಿಲಿಗೆ ಬಂದು. "ಒಂದೇ ಸಲ ಅಂತ ಗೌಡರು ಹೇಳಿದ್ರು."

ಸಂಜುಕುಮಾರ ಅವಳ ಹೆಗಲ ಮೇಲಿಂದ ಒಳಗೆ ನೋಡಿದ. "ನಿನಗ ಕೇಳಿಲ್ಲಬೇ," ಅಂದ. ಬೈಕು ಹೊರಟು ಹೋಯಿತು.

ಪಂಚಶೀಲಾ ಅಪ್ಪನ ಕಡೆ ತಿರುಗಿದಳು. ಅವನು ಇಲ್ಲ ಅನ್ನಲಿ ಅಂತ ಕಾಯ್ದಳು. ಅಜ್ಜನ ಮಗ ಅವನು. ಈಗ ಕಳಕೊಳ್ಳಲಿಕ್ಕೆ ಏನೂ ಉಳಿದಿಲ್ಲ, ಈಗಾದರೂ ಇಲ್ಲ ಅನ್ನಬಹುದು ಅನಿಸಿತು ಅವಳಿಗೆ. ಜೈಭೀಮ ಗೋಡೆಯನ್ನೇ ನೋಡುತ್ತಾ ಕುಂತಿದ್ದ. ನಾಳೆ ಆ ಗೌಡರ ಮಾಳಿಗೆಯ ಪ್ಯಾರಾಪೆಟ್ ಕೆಲಸ ಇತ್ತು. ನಾಡಿದ್ದೂ ಇತ್ತು. ಕಡೆಗೆ ಅವನು ಎದ್ದು ಕೈ ಚಾಚಿ ಹಲಗಿ ತಗೊಂಡ.

"ಅಪ್ಪಾ, ಬ್ಯಾಡ."

"ನೀನೇ ಅಂದಿದ್ದೆಲ್ಲ ಅವ್ವಿ, ಒಂದು ಸಲಕ್ಕ ಏನಾಗ್ತದಂತ," ಅಂದ ಜೈಭೀಮ. ಚುಚ್ಚಲಿಕ್ಕೆ ಅಂದದ್ದಲ್ಲ. ಖರೇನೇ ಗೊತ್ತಿಲ್ಲದವನ ಹಾಗೆ, ಕಲಿತವಳನ್ನು ಕೇಳಿದ ಹಾಗೆ ಇತ್ತು ಆ ಮಾತು.

ರಮಾಬಾಯಿ ಒಳಗಿನಿಂದ ತೊಗರಿ ಕಟಗಿಯ ಹೊರೆ ತಂದು ಅಂಗಳದಲ್ಲಿ ಚೆಲ್ಲಿದಳು. ಕುಂತು ಕಡ್ಡಿ ಗೀರಿದಳು. ಒಣ ಕಟಗಿ ಚಟಪಟ ಹೊತ್ತಿಕೊಂಡಿತು.

"ನಿನ್ನೆ ಹಲಗಿ ಚರ್ಮ ಕಾಸಿರಲಿಲ್ಲ," ಅಂದಳು ಗಂಡನಿಗೆ. "ಅದಕೇ ಸದ್ದು ಏಳಲಿಲ್ಲ. ಹಂಗೇ ಹೋದ್ರ ಮತ್ತ ನಗ್ತಾರ. ತಾ ಇಲ್ಲಿ."

ಜೈಭೀಮ ಬಗ್ಗಿ ಹಲಗಿಯನ್ನು ಉರಿಯ ಮೇಲೆ ಹಿಡಿದು ತಿರುಗಿಸಿದ. ಬೆರಳಿನಿಂದ ತಟ್ಟಿ ನೋಡಿದ.

"ಇನ್ನಾ ಸ್ವಲ್ಪ," ಅಂದಳು ರಮಾಬಾಯಿ.